ನೆಗೆಟಿವ್‌ಗಳ ಪೆಟ್ಟಿಗೆ ಮತ್ತು ಸ್ಕ್ಯಾನರ್‌ನ ಆಯ್ಕೆ

ಅಂಗಡಿಯ ಲೆಕ್ಕದ ಪುಸ್ತಕಗಳನ್ನು ಎಷ್ಟು ವರ್ಷ ಕಾದಿಡಬೇಕೆಂಬುದು ನಮ್ಮ ವ್ಯಾಪಾರಿ ಮನೆತನಗಳಲ್ಲಿ ಚಿಕ್ಕ ಹುಡುಗನಿಗೂ ಗೊತ್ತಿರುತ್ತದೆ. ಫೋಟೋಗಳ ನೆಗೆಟಿವ್‌ಗಳನ್ನು ಎಷ್ಟು ವರ್ಷ ಇಡಬೇಕು, ಹೇಗೆ ಇಡಬೇಕು ಎಂದು ಕೇಳಿದರೆ ಮಾತ್ರ ಹಿರಿಯರೂ ತಡವರಿಸುತ್ತಾರೆ. ಕೊಯಮತ್ತೂರಿನ ರಂಗೈಗೌಡರ್ ಬೀದಿಯ ಮಹಡಿ ಮನೆಗಳಿರಲಿ, ತಿರುಪ್ಪೂರಿನ ಖಾದರ್‌ಪೇಟೆಯ ಸುತ್ತಿನ ಓಣಿಗಳಿರಲಿ, ಪೊಳ್ಳಾಚಿ, ಉಡುಮಲೈಪೇಟೆಗಳಿರಲಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲೋ ಸೀರೆಯ ರಟ್ಟಿನ ಪೆಟ್ಟಿಗೆಯಲ್ಲೋ ತುಂಬಿಟ್ಟ ನೆಗೆಟಿವ್‌ಗಳಿಲ್ಲದ ಹಳೆಯ ಮನೆ ಅಪರೂಪ. ದೀಪಾವಳಿಗೆ ಮನೆ ಸ್ವಚ್ಛಗೊಳಿಸುವಾಗ ಆ ಡಬ್ಬಿ ಒಮ್ಮೆ ಕೆಳಗಿಳಿಯುತ್ತದೆ. ಸೊಸೆಯಂದಿರು ಬೆಳಕಿಗೆ ಹಿಡಿದು ನೋಡಿ, ಯಾರ ಮುಖವೂ ಗುರುತು ಸಿಗದೆ ನಕ್ಕು, ಮತ್ತೆ ಅಟ್ಟಕ್ಕೆ ಏರಿಸುತ್ತಾರೆ. ಕೆಲವು ಮನೆಗಳಲ್ಲಿ ಅದು ಅಟ್ಟಕ್ಕೇರದೆ ಕಸದ ಬುಟ್ಟಿಗೆ ಹೋಗುತ್ತದೆ.

ಅವಿಭಕ್ತ ಕುಟುಂಬ ಪಾಲಾಗುವ ಹೊತ್ತಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಆಲ್ಬಂ ಹಿರಿಯ ಮಗನ ಮನೆಗೆ ಹೋಗುತ್ತದೆ. ಉಳಿದ ಮೂವರು ಮಕ್ಕಳ ಮನೆಯಲ್ಲಿ ಅಜ್ಜನ ಒಂದು ಒಳ್ಳೆಯ ಚಿತ್ರವೂ ಇರುವುದಿಲ್ಲ. ಆಲ್ಬಮ್ಮಿನ ಚಿತ್ರಗಳಾದರೂ ಅಂಟಿನ ಹಾಳೆಗೆ ಕಚ್ಚಿಕೊಂಡು ಹಳದಿಗಟ್ಟಿರುತ್ತವೆ. ಆ ಚಿತ್ರವನ್ನು ಹೊಸದಾಗಿ, ನಾಲ್ಕು ಮನೆಗೂ ಸಮನಾಗಿ ಹಂಚಬಲ್ಲದ್ದು ನೆಗೆಟಿವ್ ಒಂದೇ. ಫಿಲ್ಮಿನಲ್ಲಿರುವಷ್ಟು ವಿವರ ಅಂಚೆ ಕಾರ್ಡಿನ ಗಾತ್ರದ ಹಳೆಯ ಪ್ರಿಂಟಿನಲ್ಲಿ ಎಂದೂ ಇರುವುದಿಲ್ಲ. ಆದ್ದರಿಂದ ಪ್ರಿಂಟ್ ಇದೆಯಲ್ಲ, ನೆಗೆಟಿವ್ ಏಕೆ ಎಂಬ ಮಾತು ಸರಿಯಲ್ಲ. ಪ್ರಿಂಟ್ ನಕಲು, ನೆಗೆಟಿವ್ ಅಸಲು.

ಈ ಅಸಲನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಮನಸ್ಸು ಮಾಡಿದವರಿಗೆ ಎದುರಾಗುವ ಮೊದಲ ಪ್ರಶ್ನೆ: ಯಾವ ಸ್ಕ್ಯಾನರ್ ಕೊಳ್ಳಬೇಕು? ಗಾಜಿನ ಹಾಸಿನ ಮೇಲೆ ಮಲಗಿಸುವ ಫ್ಲ್ಯಾಟ್‌ಬೆಡ್ ಸ್ಕ್ಯಾನರೇ, ಫಿಲ್ಮಿಗೆಂದೇ ಮಾಡಿದ ಪುಟ್ಟ ಫಿಲ್ಮ್ ಸ್ಕ್ಯಾನರೇ? ಇದಕ್ಕೆ ಉತ್ತರ ಸ್ಕ್ಯಾನರಿನ ಡಬ್ಬದ ಮೇಲೆ ಬರೆದಿರುವುದಿಲ್ಲ, ನಿಮ್ಮ ನೆಗೆಟಿವ್‌ಗಳ ಡಬ್ಬಿಯಲ್ಲಿದೆ. ಮೊದಲು ಅದನ್ನು ತೆರೆದು ನೋಡೋಣ.

ಡಬ್ಬಿಯಲ್ಲಿ ಏನಿದೆ?

ಒಂದು ಭಾನುವಾರ ಮಧ್ಯಾಹ್ನ, ಫ್ಯಾನ್ ನಿಲ್ಲಿಸಿ, ಬಿಳಿಯ ಕಾಗದ ಹಾಸಿದ ಮೇಜಿನ ಮೇಲೆ ಡಬ್ಬಿಯನ್ನು ಸುರಿಯದೆ ಒಂದೊಂದಾಗಿ ತೆಗೆಯಿರಿ. ಎರಡೂ ಅಂಚಿನಲ್ಲಿ ಸಾಲು ತೂತುಗಳಿರುವ ಪಟ್ಟಿ 35 ಮಿಲಿಮೀಟರಿನದು. ಚಿತ್ರದ ಅಳತೆ 24ಕ್ಕೆ 36 ಮಿಲಿಮೀಟರ್. 1980ರ ದಶಕದ ಕೊನೆಯಿಂದ ಈಚಿನ ಬಣ್ಣದ ಚಿತ್ರಗಳು ಬಹುಪಾಲು ಇವೇ. ತೂತುಗಳಿಲ್ಲದ, ಸುಮಾರು 6 ಸೆಂಟಿಮೀಟರ್ ಅಗಲದ ಫಿಲ್ಮ್ 120 ಎಂಬ ರೋಲಿನದು. ಹಳೆಯ ಕಪ್ಪು ಬಿಳುಪು ಚಿತ್ರಗಳು ಹೆಚ್ಚಾಗಿ ಇದರಲ್ಲಿರುತ್ತವೆ.

ನಮ್ಮ ಮನೆಗಳಲ್ಲಿ 120ರ ನೆಗೆಟಿವ್ ಇಷ್ಟೊಂದು ಇರುವುದಕ್ಕೆ ಕಾರಣ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾ. ಬರೋಡದಲ್ಲಿ ತಯಾರಾಗಿ ದೇಶದ ಮೂಲೆ ಮೂಲೆಗೂ ಹೋದ ಈ ಕರಿಯ ಡಬ್ಬಿಯಲ್ಲಿ ಒಂದು ರೋಲಿಗೆ 12 ಚೌಕ ಚಿತ್ರಗಳು ಬರುತ್ತಿದ್ದವು. ಮದುವೆಯ ಫೋಟೋಗ್ರಾಫರುಗಳೂ ಯಾಷಿಕಾ ಮೊದಲಾದ ಎರಡು ಕಣ್ಣಿನ ಕ್ಯಾಮೆರಾಗಳಲ್ಲಿ ಇದೇ ರೋಲನ್ನು ಬಳಸುತ್ತಿದ್ದರು. ರೋಲು ಕೂಡ ಎಷ್ಟೋ ಸಲ ನೆರೆಮನೆಯದೇ. ಮೇಟುಪಾಳಯದಿಂದ ಘಾಟಿ ಹತ್ತಿದರೆ ಸಿಗುವ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿತು. ಕೇಂದ್ರ ಸರ್ಕಾರದ ಈ ಉದ್ಯಮ 'ಇಂದು' ಎಂಬ ಹೆಸರಿನಲ್ಲಿ ಫಿಲ್ಮನ್ನೂ ಎಕ್ಸ್‌ರೇ ಫಿಲ್ಮನ್ನೂ ಮಾರುತ್ತಿತ್ತು. ಫಿಲ್ಮಿಗೆ ಬೇಕಾದ್ದು ತಂಪು ಹವೆ, ಧೂಳಿಲ್ಲದ ಗಾಳಿ. ಅದಕ್ಕೇ ನೀಲಗಿರಿಯನ್ನು ಆರಿಸಿದ್ದು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಅಂಥ ತಂಪಿನಲ್ಲಿ ಹುಟ್ಟಿದ ಫಿಲ್ಮನ್ನು ನಾವು ತಿರುಪ್ಪೂರಿನ ತಗಡಿನ ಮಾಡಿನ ಅಡಿಯಲ್ಲಿ ನಲವತ್ತು ಬೇಸಿಗೆ ಬೇಯಿಸಿದ್ದೇವೆ.

ಇವೆರಡರ ಜೊತೆಗೆ ಹಾಟ್ ಶಾಟ್ ಕ್ಯಾಮೆರಾದ ಕಾಲದ 110 ಎಂಬ ಕಿರುಬೆರಳಿನ ಉಗುರಿನಷ್ಟು ಪುಟ್ಟ ನೆಗೆಟಿವ್ ಸಿಗಬಹುದು. ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಕೂರಿಸಿದ ಸ್ಲೈಡುಗಳೂ ಇರಬಹುದು. ಬಹಳ ಹಳೆಯ ಮನೆಯಾದರೆ ಸ್ಟುಡಿಯೋದಿಂದ ತಂದ ಗಾಜಿನ ಪ್ಲೇಟೂ ಸಿಕ್ಕೀತು. ಗಾಜಿನ ಪ್ಲೇಟ್ ಸಿಕ್ಕಿದರೆ ಒರೆಸದೆ, ಒಂದರ ಮೇಲೊಂದು ಇಡದೆ, ಕಾಗದದಲ್ಲಿ ಸುತ್ತಿ ನಿಲ್ಲಿಸಿಡಿ. ತಮಿಳುನಾಡಿನ ಹಳೆಯ ಸ್ಟುಡಿಯೋಗಳು ಮುಚ್ಚುತ್ತ ಬಂದಂತೆ ಇಂಥ ಪ್ಲೇಟುಗಳು ರಾಶಿ ರಾಶಿಯಾಗಿ ನಾಶವಾದವು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ವಿದ್ವಾಂಸರು 2010ರ ದಶಕದಲ್ಲಿ ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಇಲ್ಲಿಯ ಸ್ಟುಡಿಯೋ ಚಿತ್ರಗಳನ್ನು ಹುಡುಕಿ ಡಿಜಿಟಲ್ ರೂಪಕ್ಕೆ ತಂದದ್ದು ಈ ಕಾರಣಕ್ಕೇ. ಲಂಡನ್ನಿನವರಿಗೆ ಬೇಕೆನಿಸಿದ ನಮ್ಮ ಅಜ್ಜಿಯರ ಚಿತ್ರ ನಮಗೆ ಬೇಡವಾಗಬಾರದು.

ಡಬ್ಬಿ ತೆರೆದಾಗ ಮೂಗನ್ನೂ ಬಳಸಿ. ಉಪ್ಪಿನಕಾಯಿಗೆ ಹಾಕುವ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಹಾಸು ಕೊಳೆಯಲು ತೊಡಗಿದೆ ಎಂದರ್ಥ. ಹೊರಬರುವ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಬೇಗ ಮಾಡುತ್ತದೆ. ಬದಿಯ ಒಳ್ಳೆಯ ಫಿಲ್ಮಿಗೂ ಅದು ತಗಲುತ್ತದೆ. ಅಮೆರಿಕದ ರೋಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನವರ ಲೆಕ್ಕದಂತೆ 21 ಡಿಗ್ರಿ ಉಷ್ಣತೆ, ಶೇಕಡ 50 ತೇವದಲ್ಲಿ ಇಟ್ಟ ಹೊಸ ಅಸಿಟೇಟ್ ಫಿಲ್ಮಿನಲ್ಲಿ ಈ ರೋಗ ಕಾಣಿಸಿಕೊಳ್ಳಲು ಸುಮಾರು 40 ವರ್ಷ ಬೇಕು. ನಮ್ಮ ಅಟ್ಟಗಳಲ್ಲಿ 21 ಡಿಗ್ರಿ ಯಾವ ತಿಂಗಳಲ್ಲಿ ಇರುತ್ತದೆ ಎಂದು ನೀವೇ ಯೋಚಿಸಿ. ವಾಸನೆ ಬಂದ ಪಟ್ಟಿಗಳನ್ನು ಕೂಡಲೇ ಬೇರೆ ಇಡಿ, ಸ್ಕ್ಯಾನ್ ಮಾಡುವಾಗ ಅವಕ್ಕೇ ಮೊದಲ ಸ್ಥಾನ ಕೊಡಿ. ಫಿಲ್ಮ್ ಸುರುಟಿ ಸುಕ್ಕಾದ ಮೇಲೆ ಯಾವ ಸ್ಕ್ಯಾನರೂ ಅದನ್ನು ನೇರ ಮಾಡಲಾರದು.

ಕಚೇರಿಯ ಸ್ಕ್ಯಾನರ್ ಸಾಲದೇ?

ತಿರುಪ್ಪೂರಿನಲ್ಲಿ ಎಕ್ಸ್‌ಪೋರ್ಟ್ ಮಾಡುವ ಪ್ರತಿ ಕಚೇರಿಯಲ್ಲೂ ಒಂದು ಸ್ಕ್ಯಾನರ್ ಇದ್ದೇ ಇರುತ್ತದೆ. ಎಲ್.ಸಿ. ಕಾಗದವನ್ನೋ ಬಟ್ಟೆಯ ಮಾದರಿಯನ್ನೋ ಅದರಲ್ಲಿ ಇಟ್ಟು ಕಳಿಸುವುದು ದಿನದ ಕೆಲಸ. ಅದರ ಮೇಲೇ ನೆಗೆಟಿವ್ ಇಟ್ಟು ನೋಡಿದವರಿಗೆ ಸಿಕ್ಕುವುದು ಕಪ್ಪು ಪಟ್ಟಿ ಮಾತ್ರ. ಯಂತ್ರದಲ್ಲಿ ದೋಷವಿಲ್ಲ. ಕಾಗದ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಫಿಲ್ಮ್ ಬೆಳಕನ್ನು ಒಳಗಿನಿಂದ ಹಾಯಲು ಬಿಡುತ್ತದೆ. ಬನಿಯನ್ ಮೇಲೆ ಚಿತ್ರ ಅಚ್ಚು ಹಾಕುವ ಘಟಕಗಳಲ್ಲಿ ಪಾಸಿಟಿವ್ ಫಿಲ್ಮನ್ನು ಚೌಕಟ್ಟಿನ ಮೇಲಿಟ್ಟು ಬೆಳಕು ಬಿಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಫಿಲ್ಮಿಗೆ ಬೆಳಕು ಹಿಂದಿನಿಂದ ಬೀಳಬೇಕು.

ಹೀಗಾಗಿ ಫ್ಲ್ಯಾಟ್‌ಬೆಡ್ ಎಂದು ನಾವಿಲ್ಲಿ ಹೇಳುವುದು ಮುಚ್ಚಳದಲ್ಲೂ ಒಂದು ದೀಪವಿರುವ, ಫಿಲ್ಮಿಗೆ ಪ್ರತ್ಯೇಕ ಚೌಕಟ್ಟುಗಳನ್ನು ಕೊಡುವ ಜಾತಿಯದು. ಎಪ್ಸನ್ ಕಂಪನಿಯ ಪರ್ಫೆಕ್ಷನ್ ವಿ600 2009ರಲ್ಲಿ ಬಂತು. ಅದೇ ಕಂಪನಿಯ ದೊಡ್ಡ ಯಂತ್ರ ವಿ700 2006ರಲ್ಲಿಯೂ ಅದರ ಮುಂದಿನ ರೂಪವಾದ ವಿ850 2014ರಲ್ಲಿಯೂ ಬಂದವು. ಕ್ಯಾನನ್ನಿನ 9000ಎಫ್ 2010ರದು. ಇವುಗಳಲ್ಲಿ ಕೆಲವು ಈಗ ಬಳಸಿದ ಮಾಲಾಗಿ ಮಾತ್ರ ಸಿಗುತ್ತವೆ. ಕೊಳ್ಳುವ ಮುನ್ನ 'ಮುಚ್ಚಳದಲ್ಲಿ ದೀಪ ಇದೆಯೇ, ಫಿಲ್ಮ್ ಚೌಕಟ್ಟುಗಳು ಜೊತೆಗೆ ಇವೆಯೇ' ಎಂಬ ಎರಡು ಪ್ರಶ್ನೆ ಕೇಳದೆ ಹಣ ಎಣಿಸಬೇಡಿ. ಚೌಕಟ್ಟು ಕಳೆದುಹೋದ ಸ್ಕ್ಯಾನರ್ ಬೀಗದ ಕೈ ಕಳೆದ ತಿಜೋರಿಯಂತೆ.

ಫಿಲ್ಮ್ ಸ್ಕ್ಯಾನರಿನ ರೀತಿ ಬೇರೆ. ಅದರಲ್ಲಿ ಗಾಜಿನ ಹಾಸೇ ಇಲ್ಲ. ದಪ್ಪ ನಿಘಂಟಿನಷ್ಟು ಗಾತ್ರದ ಯಂತ್ರದ ಬದಿಯಿಂದ ಪಟ್ಟಿಯನ್ನು ತೂರಿಸಿದರೆ ಲೆನ್ಸ್ ಆ ಪುಟ್ಟ ಚಿತ್ರವನ್ನಷ್ಟೇ ನೋಡುತ್ತದೆ. ತೈವಾನಿನ ಪ್ಲಸ್‌ಟೆಕ್ ಕಂಪನಿಯ ಆಪ್ಟಿಕ್‌ಫಿಲ್ಮ್ 8100, 8200ಐ ಈ ಬಗೆಯವು. ಒಂದು ಕಾಲದಲ್ಲಿ ಈ ವರ್ಗದ ರಾಜನೆನಿಸಿದ್ದು ನಿಕಾನ್ ಕೂಲ್‌ಸ್ಕ್ಯಾನ್. ಮಿನೋಲ್ಟಾದ ಯಂತ್ರವೂ ಹೆಸರಾಗಿತ್ತು. ಕೋನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟಿತು. ನಿಕಾನ್ ಕೂಡ 2010ರ ವೇಳೆಗೆ ಫಿಲ್ಮ್ ಸ್ಕ್ಯಾನರ್ ಮಾಡುವುದನ್ನು ನಿಲ್ಲಿಸಿತು.

ಡಿಪಿಐ ಎಂಬ ಜಿಎಸ್‌ಎಂ

ಸ್ಕ್ಯಾನರಿನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಡಿಪಿಐ ಎಂದು ಒಂದು ಸಂಖ್ಯೆ ಇರುತ್ತದೆ. ಒಂದು ಅಂಗುಲದಲ್ಲಿ ಎಷ್ಟು ಚುಕ್ಕೆಗಳಾಗಿ ಚಿತ್ರವನ್ನು ಒಡೆದು ಓದುತ್ತದೆ ಎಂಬುದು ಅದರ ಅರ್ಥ. ವಿ600ರ ಮೇಲೆ 6400 ಎಂದಿದೆ. ಪ್ಲಸ್‌ಟೆಕ್‌ನ ಮೇಲೆ 7200. ನಿಕಾನ್ ಕೂಲ್‌ಸ್ಕ್ಯಾನ್ ಹೇಳಿಕೊಂಡದ್ದು ಬರೀ 4000. ಸಂಖ್ಯೆ ನೋಡಿ ಕೊಳ್ಳುವವನು ನಿಕಾನನ್ನು ಕೊನೆಗೆ ಇಡುತ್ತಾನೆ.

ಹೆಣಿಗೆ ಬಟ್ಟೆಯ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲಿನಲ್ಲಿ 180 ಜಿಎಸ್‌ಎಂ ಎಂದು ಬರೆದಿದ್ದರೂ ವೃತ್ತಾಕಾರದ ತುಂಡು ಕತ್ತರಿಸಿ ತೂಗಿ ನೋಡದೆ ಯಾರೂ ನಂಬುವುದಿಲ್ಲ. ಸ್ಕ್ಯಾನರನ್ನು ತೂಗುವುದಕ್ಕೂ ಒಂದು ಬಟ್ಟು ಇದೆ. ಅಮೆರಿಕದ ವಾಯುಪಡೆ 1951ರಲ್ಲಿ ಗೊತ್ತುಮಾಡಿದ, ಗೆರೆಗಳು ಕ್ರಮವಾಗಿ ಸಣ್ಣದಾಗುತ್ತ ಹೋಗುವ ಒಂದು ಪಟ. ಅದನ್ನು ಸ್ಕ್ಯಾನ್ ಮಾಡಿ, ಎಲ್ಲಿಯವರೆಗೆ ಗೆರೆಗಳು ಬೇರೆ ಬೇರೆ ಕಾಣುತ್ತವೆ ಎಂದು ನೋಡುತ್ತಾರೆ. ಹಾಗೆ ತೂಗಿದಾಗ ವಿ600ರ 6400 ಸುಮಾರು 1600ಕ್ಕೆ ಇಳಿಯುತ್ತದೆ. ವಿ850 ಸುಮಾರು 2300. ಪ್ಲಸ್‌ಟೆಕ್ 8200ಐ ಸುಮಾರು 3200. ಕಡಿಮೆ ಹೇಳಿಕೊಂಡ ನಿಕಾನ್ 3900ರ ಹತ್ತಿರ, ಅಂದರೆ ಹೇಳಿದಷ್ಟನ್ನು ಹೆಚ್ಚುಕಡಿಮೆ ಕೊಟ್ಟ ವರ್ತಕ.

ಇದರಿಂದ ಫ್ಲ್ಯಾಟ್‌ಬೆಡ್ ಮೋಸ ಎಂದು ತಿಳಿಯಬೇಡಿ. ಎಷ್ಟು ಬೇಕು ಎಂಬುದು ನೆಗೆಟಿವ್‌ನ ಗಾತ್ರದ ಮೇಲೆ ನಿಂತಿದೆ. ಲೆಕ್ಕ ಹಾಕೋಣ. 35 ಮಿಲಿಮೀಟರ್ ಚಿತ್ರದ ಉದ್ದ 36 ಮಿಲಿಮೀಟರ್, ಅಂದರೆ 1.4 ಅಂಗುಲ. ನಿಜವಾದ 1600 ಡಿಪಿಐಯಲ್ಲಿ ಸುಮಾರು 2260 ಚುಕ್ಕೆ ಸಿಗುತ್ತವೆ. ಒಳ್ಳೆಯ ಪ್ರಿಂಟಿಗೆ ಅಂಗುಲಕ್ಕೆ 300 ಚುಕ್ಕೆ ಬೇಕು. ಹಾಗಾದರೆ ಏಳೂವರೆ ಅಂಗುಲದ ಪ್ರಿಂಟಿನವರೆಗೆ ಚೆನ್ನಾಗಿ ಬರುತ್ತದೆ. ಆಲ್ಬಮ್ಮಿಗೆ ಇದು ಸಾಕು. ಗೋಡೆಗೆ ಹಾಕುವ ದೊಡ್ಡ ಚಿತ್ರಕ್ಕೆ ಸಾಲದು. ಅದೇ ಪಟ್ಟಿಯನ್ನು 3200ರಲ್ಲಿ ಓದಿದರೆ 4500 ಚುಕ್ಕೆ, ಹದಿನೈದು ಅಂಗುಲದ ಪ್ರಿಂಟು.

ಈಗ ಆಗ್ಫಾ ಕ್ಲಿಕ್‌ನ ಚೌಕ ನೆಗೆಟಿವ್ ತೆಗೆದುಕೊಳ್ಳಿ. ಅದರ ಒಂದು ಬದಿ ಸುಮಾರು 56 ಮಿಲಿಮೀಟರ್, ಅಂದರೆ 2.2 ಅಂಗುಲ. ವಿ600ರ ಬಡ 1600ರಲ್ಲೇ 3500 ಚುಕ್ಕೆ ಬಂದು, ಹನ್ನೊಂದೂವರೆ ಅಂಗುಲದ ಪ್ರಿಂಟು ಆಗುತ್ತದೆ. ಆ ಕ್ಯಾಮೆರಾದ ಸರಳ ಲೆನ್ಸಿನಿಂದ ಅದಕ್ಕಿಂತ ಹೆಚ್ಚಿನ ವಿವರ ಫಿಲ್ಮಿಗೆ ಬಿದ್ದೇ ಇರುವುದಿಲ್ಲ. ಮುಖ್ಯವಾದ ಮಾತೆಂದರೆ, ಪ್ಲಸ್‌ಟೆಕ್ 8100, 8200ಐಗಳಲ್ಲಿ 120ರ ನೆಗೆಟಿವ್ ತೂರುವುದೇ ಇಲ್ಲ. ಕೂಲ್‌ಸ್ಕ್ಯಾನ್ 5 ಮತ್ತು 5000ದಲ್ಲೂ ಇಲ್ಲ. 120ನ್ನು ತೆಗೆದುಕೊಳ್ಳುವ ಫಿಲ್ಮ್ ಸ್ಕ್ಯಾನರುಗಳು ಉಂಟು, ನಿಕಾನ್ 9000ದಂಥವು. ಅವುಗಳ ಬೆಲೆ ಒಂದು ಮನೆಯ ಹವ್ಯಾಸಕ್ಕೆ ತಕ್ಕದ್ದಲ್ಲ.

ಹೀಗಾಗಿ ನಿಮ್ಮ ಡಬ್ಬಿಯಲ್ಲಿ 120ರ ನೆಗೆಟಿವ್ ಅಥವಾ ಗಾಜಿನ ಪ್ಲೇಟ್ ಇದ್ದರೆ ಚರ್ಚೆಗೇ ಎಡೆಯಿಲ್ಲ, ಫ್ಲ್ಯಾಟ್‌ಬೆಡ್ ಬೇಕೇ ಬೇಕು. ಹಳೆಯ ಪ್ರಿಂಟುಗಳನ್ನೂ ಕೈಬರಹದ ಜಾತಕಗಳನ್ನೂ ಅದೇ ಯಂತ್ರದಲ್ಲಿ ಮಾಡಿಕೊಳ್ಳಬಹುದೆಂಬುದು ಲಾಭದ ಬಾಬ್ತು. ಇನ್ನು 1985ರ ಈಚೆಗೆ ಮದುವೆಯಾಗಿ, ಎಲ್ಲವೂ 35 ಮಿಲಿಮೀಟರ್ ಬಣ್ಣದ ರೋಲುಗಳೇ ಆಗಿರುವ ಮನೆಯವರು ಫಿಲ್ಮ್ ಸ್ಕ್ಯಾನರನ್ನೇ ಕೊಳ್ಳುವುದು ಮೇಲು. ವಿ850ರ ಬೆಲೆ ವಿ600ರ ಮೂರು ನಾಲ್ಕು ಪಟ್ಟು. ಅಷ್ಟು ಹಣಕ್ಕೆ 35 ಮಿಲಿಮೀಟರಿನಲ್ಲಿ ಸಿಗುವ ಹೆಚ್ಚಳ ಮಾತ್ರ ಅಷ್ಟು ಪಟ್ಟು ಅಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಸ್ಟುಡಿಯೋ ನಡೆಸುವವರಿಗೆ ಒಪ್ಪುವ ಯಂತ್ರ.

ಹೊತ್ತಿನ ಲೆಕ್ಕ

ಬೆಲೆಗಿಂತ ದೊಡ್ಡ ಖರ್ಚು ಹೊತ್ತಿನದು. ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಮನೆಯಲ್ಲಿ 36 ಚಿತ್ರಗಳ 40 ರೋಲು ಇವೆ ಎಂದಿಟ್ಟುಕೊಳ್ಳಿ. ಒಟ್ಟು 1440 ಚಿತ್ರ. ಧೂಳು ಊದಿ, ಚೌಕಟ್ಟಿಗೆ ಕೂರಿಸಿ, ಸ್ಕ್ಯಾನ್ ಆಗಿ, ಹೆಸರು ಕೊಟ್ಟು ಮುಗಿಸಲು ಚಿತ್ರಕ್ಕೆ 3 ನಿಮಿಷ ಎಂದು ಹಿಡಿದರೂ 72 ಗಂಟೆ. ಅಂಗಡಿ ಮುಚ್ಚಿ ಬಂದು ದಿನಕ್ಕೆ ಒಂದು ಗಂಟೆ ಕೂತರೆ ಎರಡೂವರೆ ತಿಂಗಳು.

ಈ 72 ಗಂಟೆಯಲ್ಲಿ ನೀವು ಯಂತ್ರದ ಮುಂದೆ ಕೂತಿರಬೇಕಾದ ಗಂಟೆ ಎಷ್ಟು ಎಂಬುದರಲ್ಲೂ ಎರಡು ಬಗೆಗೂ ವ್ಯತ್ಯಾಸವಿದೆ. ವಿ600ರಲ್ಲಿ ಒಂದು ಸಲಕ್ಕೆ 12 ಚಿತ್ರಗಳನ್ನು, ವಿ850ರಲ್ಲಿ 18 ಚಿತ್ರಗಳನ್ನು ಇಟ್ಟು ಊಟಕ್ಕೆ ಏಳಬಹುದು. ಪ್ಲಸ್‌ಟೆಕ್‌ನಲ್ಲಿ ಆರು ಚಿತ್ರದ ಪಟ್ಟಿ ಹಿಡಿಸಿದರೂ ಒಂದು ಮುಗಿದ ಮೇಲೆ ಚೌಕಟ್ಟನ್ನು ಕೈಯಿಂದಲೇ ಮುಂದಕ್ಕೆ ತಳ್ಳಬೇಕು. ಕೂತವರು ಏಳುವಂತಿಲ್ಲ. ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ರಜೆಯಲ್ಲಿ ಈ ಕೆಲಸ ಒಪ್ಪಿಸುವವರು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮೂರನೆಯ ದಿನಕ್ಕೆ ಯಂತ್ರ ಮೂಲೆ ಸೇರುತ್ತದೆ.

ಎಲ್ಲವನ್ನೂ ಒಂದೇ ಗುಣಮಟ್ಟದಲ್ಲಿ ಮಾಡಬೇಕೆಂಬ ಹಟವೂ ಬೇಡ. ಒಂದೇ ಮದುವೆಯ ಊಟದ ಸಾಲಿನ 20 ಚಿತ್ರಗಳಿರುತ್ತವೆ. ಅವಕ್ಕೆಲ್ಲ 3200 ಡಿಪಿಐ ವ್ಯರ್ಥ. ಫ್ಲ್ಯಾಟ್‌ಬೆಡ್‌ನಲ್ಲಿ ಎಲ್ಲವನ್ನೂ ಸಾಧಾರಣವಾಗಿ ಒಂದು ಸುತ್ತು ಓದಿಸಿ, ಯಾರ ಮುಖ ಎಲ್ಲಿದೆ ಎಂದು ತಿಳಿದ ಮೇಲೆ, ನಿಜವಾಗಿ ಬೇಕಾದ ಐವತ್ತೋ ಅರವತ್ತೋ ಚಿತ್ರಗಳನ್ನು ಮಾತ್ರ ಒಳ್ಳೆಯ ಫಿಲ್ಮ್ ಸ್ಕ್ಯಾನರಿನಲ್ಲಿ ಮತ್ತೊಮ್ಮೆ ಮಾಡಿಸುವುದು ಎರಡೂ ಬಗೆಯ ನೆಗೆಟಿವ್ ಇರುವ ಮನೆಗೆ ನಾನು ಹೇಳುವ ದಾರಿ. ಆ ಎರಡನೆಯ ಯಂತ್ರವನ್ನು ಪ್ರತಿ ಮನೆಯೂ ಕೊಳ್ಳಬೇಕಿಲ್ಲ. ಐದಾರು ಮನೆಯವರು ಸೇರಿ ಕೊಂಡು ಸರದಿಯಂತೆ ಬಳಸಬಹುದು. ಕೆಲಸ ಮುಗಿದ ಮೇಲೆ ಮಾರಬಹುದು, ಒಳ್ಳೆಯ ಫಿಲ್ಮ್ ಸ್ಕ್ಯಾನರಿಗೆ ಬಳಸಿದ ಮಾಲಿನ ಪೇಟೆಯಲ್ಲಿ ಗಿರಾಕಿ ಇದ್ದೇ ಇರುತ್ತಾನೆ. ಸಮಾಜದ ವತಿಯಿಂದ ಪಾತ್ರೆ ಪಡಗ, ಶಾಮಿಯಾನಗಳನ್ನು ಇಟ್ಟುಕೊಂಡು ಮನೆಮನೆಗೆ ಕೊಡುವ ಪದ್ಧತಿ ನಮಗೆ ಹೊಸದಲ್ಲ. ಸ್ಕ್ಯಾನರನ್ನೂ ಆ ಪಟ್ಟಿಗೆ ಸೇರಿಸಬಹುದು.

ಹಳೆಯ ನಿಕಾನ್ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರಿಗೆ ಒಂದು ಎಚ್ಚರಿಕೆ. ಅದಕ್ಕೆ ಕಂಪನಿಯ ರಿಪೇರಿ ಇಲ್ಲ. ಅದರ ಸ್ವಂತ ತಂತ್ರಾಂಶ ಹೊಸ ವಿಂಡೋಸ್‌ಗೆ ಹೊಂದುವುದಿಲ್ಲ, ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಎಂಬ ಬೇರೆ ತಂತ್ರಾಂಶವನ್ನು ಹಣ ಕೊಟ್ಟು ಕೊಳ್ಳಬೇಕು. ಒಳಗಿನ ಕನ್ನಡಿಯ ಮೇಲೆ ಧೂಳು ಕೂತಿದ್ದರೆ ಬಿಳಿಯ ಬಟ್ಟೆಯ ಸುತ್ತ ಮಂಜಿನಂತೆ ಕಾಣುತ್ತದೆ. ಕಣ್ಣೆದುರಿಗೆ ಒಂದು ಚಿತ್ರ ಮಾಡಿಸಿ ನೋಡದೆ ತರಬೇಡಿ. ಅದೇ ರೀತಿ ಐದು ಸಾವಿರಕ್ಕೆ ಸಿಗುವ, 'ಎರಡು ಸೆಕೆಂಡಿನಲ್ಲಿ ಫಿಲ್ಮ್ ಸ್ಕ್ಯಾನ್' ಎಂದು ಜಾಹೀರಾತು ಬರುವ ಪುಟ್ಟ ಡಬ್ಬಗಳೂ ಇವೆ. ಅವು ಸ್ಕ್ಯಾನರುಗಳೇ ಅಲ್ಲ. ಒಳಗೆ ಮೊಬೈಲಿನಂಥ ಒಂದು ಕ್ಯಾಮೆರಾ ಇರುತ್ತದೆ, ಅಷ್ಟೆ.

ಈಚೆಗೆ ಮೂರನೆಯ ಒಂದು ಮಾರ್ಗವೂ ಬಳಕೆಗೆ ಬಂದಿದೆ. ಒಳ್ಳೆಯ ಡಿಜಿಟಲ್ ಕ್ಯಾಮೆರಾ, ಹತ್ತಿರದ ವಸ್ತು ತೆಗೆಯುವ ಮ್ಯಾಕ್ರೋ ಲೆನ್ಸ್, ಕೆಳಗೆ ಬಿಳಿಯ ಬೆಳಕಿನ ಹಲಗೆ. ಇದರಲ್ಲಿ ವೇಗ ಬಹಳ, ಕೈಚಳಕ ಇದ್ದರೆ ಫಲವೂ ಉತ್ತಮ. ಕ್ಯಾಮೆರಾ ಹವ್ಯಾಸದ ಹುಡುಗರು ಮನೆಯಲ್ಲಿದ್ದರೆ ಪ್ರಯತ್ನಿಸಬಹುದು. ಬಣ್ಣದ ನೆಗೆಟಿವ್‌ನ ಕಿತ್ತಳೆ ಛಾಯೆಯನ್ನು ಕಳೆದು ಸರಿಯಾದ ಬಣ್ಣ ತರುವ ಕೆಲಸ ಮಾತ್ರ ಅವರದೇ ತಲೆನೋವು. ಸ್ಕ್ಯಾನರ್ ಅದನ್ನು ತಾನೇ ಮಾಡಿಕೊಡುತ್ತದೆ.

ಹತ್ತಿಯ ಎಳೆಯೂ ಬೂಷ್ಟೂ

ತಿರುಪ್ಪೂರಿನ ಗಾಳಿಯಲ್ಲಿ ಹತ್ತಿಯ ಎಳೆ ಇಲ್ಲದ ಮನೆ ಯಾವುದು? ಹೆಣಿಗೆ ಯಂತ್ರ ಇಲ್ಲದ ಬೀದಿಯಲ್ಲೂ ಕಿಟಕಿಯ ಸರಳಿನ ಮೇಲೆ ಬಿಳಿ ನಾರು ಕೂತಿರುತ್ತದೆ. ಕಣ್ಣಿಗೆ ಕಾಣದ ಒಂದು ಎಳೆ 35 ಮಿಲಿಮೀಟರ್ ನೆಗೆಟಿವ್ ಮೇಲೆ ಕೂತರೆ ಪ್ರಿಂಟಿನಲ್ಲಿ ವಧುವಿನ ಕೆನ್ನೆಯ ಮೇಲೆ ಹಾವಿನಂತೆ ಹರಿದಾಡುತ್ತದೆ. ಅದನ್ನು ಒರೆಸಲು ನಮ್ಮ ಕೈ ಮೊದಲು ಹೋಗುವುದು ಬನಿಯನ್ ವೇಸ್ಟ್ ಬಟ್ಟೆಗೆ. ದಯವಿಟ್ಟು ಬೇಡ. ಒರೆಸುವ ಒಂದು ಎಳೆಗೆ ಹತ್ತು ಎಳೆ ಸೇರುತ್ತವೆ, ಗೀರೂ ಬೀಳುತ್ತದೆ. ರಬ್ಬರಿನ ಊದುವ ಬುರುಡೆಯಿಂದ ಗಾಳಿ ಬಿಡಿ. ಬಾಯಿಂದ ಊದಿದರೆ ತೇವ ಬೀಳುತ್ತದೆ.

ಉಳಿದ ಧೂಳಿಗೆ ಯಂತ್ರದಲ್ಲೇ ಒಂದು ಉಪಾಯವಿದೆ. ಡಿಜಿಟಲ್ ಐಸ್ ಎಂಬುದು ಅದರ ಹೆಸರು, ಬೇರೆ ಕಂಪನಿಗಳು ಬೇರೆ ಹೆಸರು ಕೊಡುತ್ತವೆ. ಸಾಧಾರಣ ಬೆಳಕಿನಿಂದ ಒಮ್ಮೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಇನ್ನೊಮ್ಮೆ ಫಿಲ್ಮನ್ನು ಓದುತ್ತಾರೆ. ಬಣ್ಣದ ಫಿಲ್ಮಿನ ಬಣ್ಣಗಳು ಇನ್‌ಫ್ರಾರೆಡ್‌ಗೆ ಗಾಜಿನಂತೆ ಪಾರದರ್ಶಕ. ಧೂಳು, ಗೀರುಗಳು ಮಾತ್ರ ಅದನ್ನು ತಡೆಯುತ್ತವೆ. ಹಾಗೆ ಎಲ್ಲಿ ಧೂಳಿದೆ ಎಂಬ ನಕ್ಷೆ ಸಿಕ್ಕಿ, ಆ ಜಾಗವನ್ನು ಅಕ್ಕಪಕ್ಕದ ಬಣ್ಣದಿಂದ ತುಂಬುತ್ತಾರೆ. ನಮ್ಮ ಊರುಗಳಿಗೆ ಇದು ನಿಜಕ್ಕೂ ಕೊಳ್ಳತಕ್ಕ ಸೌಕರ್ಯ. ವಿ600ರಲ್ಲಿ ಇದೆ, ಪ್ಲಸ್‌ಟೆಕ್ 8200ಐಯಲ್ಲಿ ಇದೆ, 8100ರಲ್ಲಿ ಇಲ್ಲ. ಸ್ವಲ್ಪ ಅಗ್ಗವೆಂದು 8100 ತಂದವರು ಉಳಿಸಿದ ಹಣಕ್ಕೆ ಪ್ರತಿಯಾಗಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಎಳೆ ಅಳಿಸಬೇಕು.

ಆದರೆ ಈ ಉಪಾಯ ಕಪ್ಪು ಬಿಳುಪು ಫಿಲ್ಮಿನಲ್ಲಿ ನಡೆಯುವುದಿಲ್ಲ. ಅಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆದದ್ದು. ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಯಂತ್ರ ಅಜ್ಜನ ಮೀಸೆಯನ್ನೇ ಧೂಳೆಂದು ತಿಳಿದು ಅಳಿಸಲು ಹೋಗುತ್ತದೆ. ಕಪ್ಪು ಬಿಳುಪಿಗೆ ಐಸ್ ಆರಿಸಿಯೇ ಇಡಿ. ಹಳೆಯ ಕೊಡಾಕ್ರೋಮ್ ಸ್ಲೈಡಿನಲ್ಲೂ ಇದು ತಕರಾರು ಮಾಡುತ್ತದೆ.

ಇನ್ನು ಬೂಷ್ಟು. ಬೆಳ್ಳಿಯ ಕಣಗಳನ್ನು ಫಿಲ್ಮಿಗೆ ಹಿಡಿಸಿರುವುದು ಜೆಲಾಟಿನ್. ಅದು ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದದ್ದು ಎಂಬುದು ನಮ್ಮವರಿಗೆ ಕೇಳಲು ಹಿತವಾದ ಸಂಗತಿಯಲ್ಲ. ಆದರೂ ಬೂಷ್ಟಿಗೆ ಫಿಲ್ಮ್ ಏಕೆ ಅಷ್ಟು ರುಚಿ ಎಂಬುದಕ್ಕೆ ಕಾರಣ ಅದೇ. ತೇವ ಶೇಕಡ 60 ದಾಟಿದರೆ ಬೂಷ್ಟು ಚಿಗುರುತ್ತದೆ. ಕೊಯಮತ್ತೂರಿಗೆ ಪಾಲಕ್ಕಾಡಿನ ಕಣಿವೆಯಿಂದ ಆಡಿ ತಿಂಗಳ ತೇವದ ಗಾಳಿ, ಐಪ್ಪಸಿಯಲ್ಲಿ ಹಿಂಗಾರು ಮಳೆ. ಹೀಗೆ ವರ್ಷಕ್ಕೆ ಎರಡು ಸಲ ಅದಕ್ಕೆ ಹಬ್ಬ. ನೀರು ಹಚ್ಚಿ ತೊಳೆಯಬೇಡಿ, ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗಿ ಚಿತ್ರವೇ ಹೋದೀತು. ಡಬ್ಬಿಯಲ್ಲಿ ನುಸಿಗುಳಿಗೆಯನ್ನೂ ಹಾಕಬೇಡಿ. ಪಾಲಿಪ್ರೊಪಿಲೀನ್ ಹಾಳೆಯ ಚೀಲಗಳಲ್ಲಿ ಪಟ್ಟಿಗಳನ್ನು ಸೇರಿಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅಟ್ಟದಿಂದ ಇಳಿಸಿ ಮನೆಯ ತಂಪಾದ ಕೋಣೆಯ ಕೆಳಗಿನ ಖಾನೆಯಲ್ಲಿ ಇಡಿ. ಎಕ್ಸ್‌ಪೋರ್ಟ್ ರಟ್ಟಿನ ಪೆಟ್ಟಿಗೆಗೆ ಹಾಕುವ ಅದೇ ಪೊಟ್ಟಣ ಸಾಕು. ಹೊಸದನ್ನು ಹಾಕಿ, ಆರು ತಿಂಗಳಿಗೊಮ್ಮೆ ಬದಲಿಸಿ. ವಿನೆಗರ್ ವಾಸನೆಯ ಪಟ್ಟಿಗಳನ್ನು ಮಾತ್ರ ಗಾಳಿಯಾಡದ ಈ ಡಬ್ಬಕ್ಕೆ ಸೇರಿಸದೆ ಬೇರೆ ಕಾಗದದ ಲಕೋಟೆಯಲ್ಲಿಡಿ.

ಸ್ಲೈಡುಗಳ ಮಾತು

1981ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದ ಮನೆತನಗಳಲ್ಲಿ ಕೆಲವರ ಬಳಿ ಆಗಿನ ಸ್ಲೈಡುಗಳಿವೆ. ಬಾಹುಬಲಿಯ ಮೂರ್ತಿಗೆ ಸಾವಿರ ವರ್ಷ ತುಂಬಿದ ಆ ವರ್ಷ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂ ಸುರಿಸಿದ್ದನ್ನು ಇಂದಿಗೂ ನೆನೆಯುವವರಿದ್ದಾರೆ. 1993ರ ಅಭಿಷೇಕದ ಹೊತ್ತಿಗೆ ಬಣ್ಣದ ನೆಗೆಟಿವ್ ಮನೆಮಾತಾಗಿತ್ತು. 2006ರಲ್ಲಿ ಅರ್ಧ ಫಿಲ್ಮು, ಅರ್ಧ ಡಿಜಿಟಲ್. 2018ರಲ್ಲಿ ಎಲ್ಲರ ಕೈಯಲ್ಲೂ ಮೊಬೈಲು. ಒಂದೇ ಮೂರ್ತಿ, ನಾಲ್ಕು ಬಗೆಯ ಸಾಮಗ್ರಿ.

ಸ್ಲೈಡಿನಲ್ಲಿ ಬೆಳಕು ನೆರಳುಗಳ ಅಂತರ ನೆಗೆಟಿವ್‌ಗಿಂತ ಬಹಳ ಹೆಚ್ಚು. ಬಿಸಿಲಿನಲ್ಲಿ ಬೆಳಗುವ ಕಲ್ಲಿನ ಮೈ ಒಂದೆಡೆ, ಅಟ್ಟಣೆಯ ಕೆಳಗಿನ ಕತ್ತಲು ಇನ್ನೊಂದೆಡೆ. ಆ ಕತ್ತಲಿನಲ್ಲಿರುವ ವಿವರವನ್ನು ಸಾಧಾರಣ ಫ್ಲ್ಯಾಟ್‌ಬೆಡ್ ಓದಲಾರದೆ ಗದ್ದಲದಂಥ ಚುಕ್ಕೆ ತುಂಬುತ್ತದೆ. ಹೀಗಾಗಿ ಸ್ಲೈಡಿನ ಮಟ್ಟಿಗೆ ಫಿಲ್ಮ್ ಸ್ಕ್ಯಾನರಿನ ಮೇಲುಗೈ ನೆಗೆಟಿವ್‌ಗಿಂತ ಎದ್ದು ಕಾಣುತ್ತದೆ. ಐವತ್ತು ಸ್ಲೈಡಿದ್ದರೆ ಯಂತ್ರ ಕೊಳ್ಳುವ ಬದಲು ಫಿಲ್ಮ್ ಸ್ಕ್ಯಾನರ್ ಇರುವ ಲ್ಯಾಬಿಗೆ ಕೊಡುವುದೇ ಮಿತವ್ಯಯ. ಕೊಡುವಾಗ ಎಣಿಸಿ ರಸೀದಿ ಪಡೆಯಿರಿ. ಯಾವ ಯಂತ್ರದಲ್ಲಿ ಮಾಡುತ್ತಾರೆಂದೂ ಕೇಳಿ. ಮೊದಲು ಎರಡೇ ಎರಡನ್ನು ಕೊಟ್ಟು ನೋಡಿ. ಅಂಚೆಯಲ್ಲಿ ಅಸಲನ್ನು ದೂರದೂರಿಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಊರಿನಲ್ಲಿ ಲ್ಯಾಬ್ ಇಲ್ಲವಾದರೆ ಬೆಂಗಳೂರಿಗೋ ಚೆನ್ನೈಗೋ ಹೋಗುವ ನೆಂಟರ ಕೈಯಲ್ಲಿ ಕಳಿಸಿ.

ಕಡತ ಇಡುವ ಕ್ರಮ

ಮುಖ್ಯ ಚಿತ್ರಗಳನ್ನು ಟಿಫ್ ಎಂಬ ರೂಪದಲ್ಲಿ ಇಡಿ. 3200 ಡಿಪಿಐಯಲ್ಲಿ, ಬಣ್ಣಕ್ಕೆ 16 ಬಿಟ್‌ನಂತೆ ಮಾಡಿದರೆ 35 ಮಿಲಿಮೀಟರಿನ ಒಂದು ಚಿತ್ರ ಸುಮಾರು 80 ಎಂ.ಬಿ. ಆಗುತ್ತದೆ. 1440 ಚಿತ್ರಕ್ಕೆ ಸುಮಾರು 115 ಜಿ.ಬಿ. ಈಗಿನ ಹಾರ್ಡ್‌ಡಿಸ್ಕಿಗೆ ಇದು ದೊಡ್ಡ ಹೊರೆಯಲ್ಲ. ಸಾಧಾರಣ ಚಿತ್ರಗಳಿಗೆ ಜೆಪೆಗ್ ಸಾಕು. ಎರಡು ಹಾರ್ಡ್‌ಡಿಸ್ಕ್ ಮಾಡಿ, ಒಂದನ್ನು ಬೇರೆ ಊರಿನ ಮಗಳ ಮನೆಯಲ್ಲಿಡಿ. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ಸಾಮಾನ್ಯವಾಗಿ ಕುಗ್ಗಿ ಹೋಗುತ್ತದೆ. ಅದನ್ನೇ ಕಾಪಿ ಎಂದು ನಂಬಿ ಮೂಲವನ್ನು ಅಳಿಸಿದವರಿದ್ದಾರೆ. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯುವುದೂ ಬೇಡ. ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದೀತು.

ಯಾವುದರಿಂದ ಆರಂಭಿಸಬೇಕು ಎಂದು ಕೇಳಿದರೆ, ವಿನೆಗರ್ ವಾಸನೆಯ ಪಟ್ಟಿಗಳ ಬೆನ್ನಿಗೇ ಮನೆಯ ಅತಿ ಹಿರಿಯರು ಗುರುತಿಸಬಲ್ಲ ಚಿತ್ರಗಳನ್ನು ತೆಗೆದುಕೊಳ್ಳಿ. ಬಣ್ಣ ಮಾಸಿದರೆ ಕಂಪ್ಯೂಟರಿನಲ್ಲಿ ಸ್ವಲ್ಪವಾದರೂ ಸರಿಪಡಿಸಬಹುದು. ಎರಡನೆಯ ಸಾಲಿನಲ್ಲಿ ನಿಂತ ಹುಡುಗಿ ಯಾರು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ದೊಡ್ಡತ್ತೆಗೆ ಮಾತ್ರ ಗೊತ್ತು, ಅವರಿಗೆ ಈಗ ಎಂಬತ್ತೈದು. ಫ್ಲ್ಯಾಟ್‌ಬೆಡ್‌ನಲ್ಲಿ ಓದಿಸಿದ ಮೊದಲ ಸುತ್ತಿನ ಚಿತ್ರಗಳನ್ನು ದೂರದರ್ಶನದ ದೊಡ್ಡ ಪರದೆಯಲ್ಲಿ ಅವರ ಮುಂದೆ ಹಾಕಿ. ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಚಿತ್ರದ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ಊರು, ಆಮೇಲೆ ವ್ಯಕ್ತಿಯ ಹೆಸರು ಬರೆಯಿರಿ. ವರ್ಷ ಖಚಿತವಿಲ್ಲದಿದ್ದರೆ ದಶಕ ಬರೆದರೂ ಸರಿ. ನೆಗೆಟಿವ್ ಚೀಲದ ಮೇಲೂ ಅದೇ ಸಂಖ್ಯೆಯನ್ನು ಪೆನ್ಸಿಲಿನಿಂದ ಹಾಕಿ, ಪಟ್ಟಿಯನ್ನು ಒಳಗಿಡುವ ಮುನ್ನ. ಬಾಲ್‌ಪೆನ್ನು ಒತ್ತಿ ಬರೆದರೆ ಅಕ್ಷರ ಫಿಲ್ಮಿನ ಮೇಲೇ ಮೂಡುತ್ತದೆ.